ಒರೆಸಿದಷ್ಟೂ ಗೆರೆ

ವಿಜಯಪುರದಲ್ಲಿ ಮಹಾನವಮಿ ಹತ್ತಿರ ಬಂತೆಂದರೆ ಮನೆಯೊಳಗಿನ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಹಾಸಿಗೆ, ಕೌದಿ, ಹಂಡೆ, ಬೋಗುಣಿ ಎಲ್ಲವೂ ತೊಳೆಸಿಕೊಂಡು ತಕರಾರಿಲ್ಲದೆ ಒಳಗೆ ಹೋಗುತ್ತವೆ. ಮೊಂಡುತನ ಮಾಡುವುದು ಕಿಡಕಿ ಗಾಜೊಂದೇ. ಒರೆಸುವ ಮುಂಚೆ ಧೂಳು, ಒರೆಸಿದ ಮೇಲೆ ಗೆರೆ. ಸಂಜೆಯ ಓರೆ ಬಿಸಿಲು ಬಿದ್ದ ಕೂಡಲೇ ಯಾರು ಎಲ್ಲಿ ಕೈಯಾಡಿಸಿದರು, ಎಲ್ಲಿ ಬೇಸತ್ತು ಬಿಟ್ಟರು ಎಂಬುದರ ಪೂರ್ತಿ ಪಂಚನಾಮೆ ಗಾಜಿನ ಮೇಲೆ ಕಾಣುತ್ತದೆ. “ಒರಸೀರೇನ್ರಿ, ಇಲ್ಲಾ ಬರೇ ತೋಯಿಸಿ ಬಿಟ್ಟೀರಿ?” ಎಂಬ ಪ್ರಶ್ನೆ ಒಳಗಿನಿಂದ ಬರುವುದೂ ಆವಾಗಲೇ.

ಇದಕ್ಕೆ ಉತ್ತರವಾಗಿ ಇನ್ನೂ ಜೋರಾಗಿ ತಿಕ್ಕುವುದು ಯಜಮಾನರ ರೂಢಿ. ತಿಕ್ಕಿದರೆ ಹೋಗುವಂಥದ್ದಲ್ಲ ಅದು. ನೀರು ಆರಿಹೋಗಿ, ಅದರೊಳಗೆ ಇದ್ದದ್ದು ಗಾಜಿನ ಮೇಲೆ ಉಳಿದರೆ ಅದೇ ಗೆರೆ. ನಮ್ಮ ಕಡೆಯ ಸವಳು ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ. ಗೀಜರ್ ಬಿಚ್ಚಿದವರಿಗೆ ಗೊತ್ತು. ಅದಕ್ಕೆ ಸೋಪು ಬೆರೆತರೆ ಕರಗದ ಬಿಳಿ ಜಿಗುಟು. ಹೀಗಾಗಿ ನೀರನ್ನು ಗಾಜಿನ ಮೇಲೆ ಆರಲು ಬಿಡಬಾರದು, ಎಳೆದು ತೆಗೆಯಬೇಕು. ಮೇ ತಿಂಗಳ 40 ಡಿಗ್ರಿಯಲ್ಲಿ, ಬಿಸಿಲಿಗೆ ಮುಖ ಮಾಡಿದ ಕಿಡಕಿಯನ್ನು ಮಟಮಟ ಮಧ್ಯಾಹ್ನ ತೊಳೆಯುವ ಉತ್ಸಾಹಿಗಳಿಗೆ ಅರಿವೆ ಹಿಂಡುವಷ್ಟು ಹೊತ್ತೂ ಸಿಗುವುದಿಲ್ಲ. ಬೆಳಿಗ್ಗೆ ಬೇಗ, ಇಲ್ಲವೇ ಮೋಡದ ದಿನ ಹಿಡಿಯುವುದು ಜಾಣತನ.

ಮೊದಲು ಒಣ ಬ್ರಷ್. ಇದನ್ನು ಬಿಟ್ಟು ಸೀದಾ ನೀರು ಹಾಕಿದರೆ ಎರೆಮಣ್ಣಿನ ನುಣುಪು ಧೂಳು ಅಲ್ಲೇ ರಾಡಿಯಾಗಿ ಮೂಲೆ ಹಿಡಿದು ಕೂರುತ್ತದೆ. ಸೊಳ್ಳೆ ಜಾಲರಿ ಮತ್ತು ಸ್ಲೈಡಿಂಗ್ ಕಿಡಕಿಯ ಟ್ರ್ಯಾಕನ್ನು ಗಾಜಿಗಿಂತ ಮುಂಚೆ ಮುಗಿಸಬೇಕು. ಗಾಜು ಫಳಫಳ ಹೊಳೆಸಿ ಆಮೇಲೆ ಜಾಲರಿ ಬಡಿಯುವವರು ಎಲ್ಲಾ ಮನೆಯಲ್ಲೂ ಒಬ್ಬರಿರುತ್ತಾರೆ. ಟ್ರ್ಯಾಕಿನ ಹೊರಬದಿಯಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿದ್ದರೆ ಊದಿನಕಡ್ಡಿಯ ತುದಿಯಿಂದ ಬಿಡಿಸಿ; ಇಲ್ಲದಿದ್ದರೆ ಮುಂದಿನ ಮಳೆ ನೀರು ಹಾಲ್‌ನೊಳಗೇ ಬರುತ್ತದೆ.

ಐದು ಲೀಟರ್ ನೀರಿಗೆ ಪಾತ್ರೆ ತಿಕ್ಕುವ ಲಿಕ್ವಿಡ್ ಅರ್ಧ ಚಮಚ ಸಾಕು. ನೊರೆ ಬಂದಷ್ಟೂ ಸ್ವಚ್ಛ ಎಂಬುದು ಬಟ್ಟೆ ಒಗೆಯುವ ಕಲ್ಲಿನ ಮುಂದಿನ ನಂಬಿಕೆ, ಅದು ಗಾಜಿಗೆ ನಡೆಯುವುದಿಲ್ಲ. ಬಟ್ಟೆ ಸೋಪಿನ ಪುಡಿಯಂತೂ ಬೇಡವೇ ಬೇಡ, ಅದು ತನ್ನ ಬಿಳಿ ಪುಡಿಯನ್ನು ಅಲ್ಲೇ ಬಿಟ್ಟುಹೋಗುತ್ತದೆ. ಇನ್ನು ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಹಿಡಿದಿಟ್ಟು ಗಾಜಿಗೆ ಬಳಸುವ ಮಿತವ್ಯಯಿಗಳಿದ್ದಾರೆ. ನೆಲಕ್ಕೆ, ಬಚ್ಚಲಿಗೆ ಅದು ಚಲೋ. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಸೇರಿರುವುದರಿಂದ ಗಾಜಿನ ಮಟ್ಟಿಗೆ ಬೋರ್ ನೀರಿಗಿಂತ ಅದೇ ದಂಡ. ಕೊನೆಯ ಒರಸಿಗೆ ಹಿಡಿದಿಟ್ಟ ಮಳೆ ನೀರೋ, ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರೋ ಉತ್ತಮ. ಅವುಗಳಲ್ಲಿ ಲವಣ ಬಹಳ ಕಡಿಮೆ. ಅಡುಗೆಮನೆಯ ಗಾಜಿಗೆ ಒಗ್ಗರಣೆ ಜಿಡ್ಡು ಹತ್ತಿರುತ್ತದೆ. ಅದಕ್ಕೆ ಬಿಸಿ ನೀರಿನ ಸೋಪು ಒಂದು ಸುತ್ತು ಹೆಚ್ಚು, ಅರಿವೆಯೂ ಬೇರೆ.

ವೈಪರ್ ಎಂದರೆ ಗಾಜಿನ ವೈಪರ್. ಬಚ್ಚಲದ್ದು ತಂದರೆ ಅದರ ಸ್ಪಂಜಿನಲ್ಲಿ ಸಿಕ್ಕ ಉಸುಕು ಗಾಜನ್ನು ಗೀರುತ್ತದೆ. ಗಾಜಿನ ಮೇಲಂಚನ್ನು ಒಂದಿಂಚು ಒಣ ಅರಿವೆಯಿಂದ ಒರೆಸಿ, ಆ ಒಣ ಜಾಗದಲ್ಲಿ ರಬ್ಬರ್ ಇಟ್ಟು ಕೆಳಗೆ ಎಳೆಯಿರಿ. ಪ್ರತಿ ಎಳೆತಕ್ಕೂ ರಬ್ಬರ್ ಒರೆಸಬೇಕು; ಮುಂದಿನ ಎಳೆತ ಹಿಂದಿನದರ ಮೇಲೆ ಎರಡು ಬೆರಳು ಹತ್ತಬೇಕು. ಪ್ರತಿ ಸಲ ಒಂದೇ ಕಡೆ ಸಣ್ಣ ಗೆರೆ ಮೂಡಿದರೆ ನಿಮ್ಮ ಕೈಯ ತಪ್ಪಲ್ಲ, ರಬ್ಬರ್ ಅಂಚಿಗೆ ಕಚ್ಚು ಬಿದ್ದಿದೆ, ತಿರುಗಿಸಿ ಹಾಕಿ. ಅಂಚುಗಳಿಗೆ ಹತ್ತಾರು ಸಲ ಒಗೆದ ಹಳೆ ಬನಿಯನ್ ಆಗುತ್ತದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಗಂಜಿ ಹಾಕಿದ ಧೋತರದಲ್ಲಿ ಕೇಳುವುದೇ ಬೇಡ. ಹಳೆ ಪೇಪರೂ ಕೆಲಸ ಮಾಡುತ್ತದೆ, ಬಿಳಿ ಚೌಕಟ್ಟಿಗೆ ಮಸಿ ಹತ್ತಿದರೆ ಮಾತ್ರ ಇನ್ನೊಂದು ಕೆಲಸ ಹೆಚ್ಚು.

“ಗೆರಿ ಹೊರಗ ಐತಿ.”
“ಇಲ್ಲರೀ, ಒಳಗ ಐತಿ.”
ಈ ವ್ಯಾಜ್ಯಕ್ಕೆ ಸುಲಭ ಪರಿಹಾರವಿದೆ. ಕೊನೆಯ ಒರಸು ಒಳಗೆ ಅಡ್ಡಡ್ಡ, ಹೊರಗೆ ಉದ್ದುದ್ದ. ಉಳಿದ ಗೆರೆ ಅಡ್ಡವಿದ್ದರೆ ಒಳಗಿನವರದು, ಉದ್ದವಿದ್ದರೆ ಹೊರಗಿನವರದು. ಜಗಳ ನಿಲ್ಲುವುದಿಲ್ಲ, ಆದರೆ ಯಾರ ಕಡೆಯ ತಪ್ಪು ಎಂಬುದಂತೂ ತೀರ್ಮಾನವಾಗುತ್ತದೆ.

ಹಳೆಯ ಬಿಳಿ ಕಲೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ತೋಯಿಸಿದ ಅರಿವೆಯನ್ನು ಹತ್ತು ನಿಮಿಷ ಗಾಜಿಗೆ ಅಂಟಿಸಿಡಿ. ಅಷ್ಟರಲ್ಲಿ ಕೆಳಗಿನ ಕಲ್ಲಿನ ಮೇಲೆ ಕಣ್ಣಿರಲಿ. ಶಹಾಬಾದ್, ಕಡಪಾ ಎರಡೂ ಸುಣ್ಣದ ಕಲ್ಲೇ. ವಿನೆಗರಿಗೆ ಗಾಜಿನ ಸುಣ್ಣ, ಕಲ್ಲಿನ ಸುಣ್ಣ ಎಂಬ ಭೇದವಿಲ್ಲ. ಹನಿ ಬಿದ್ದಲ್ಲಿ ಹೊಳಪು ಹೋಗಿ ಮಂಕು ಮಚ್ಚೆ ಉಳಿಯುತ್ತದೆ. ಒಂದು ಹಳೆ ಟವೆಲ್ ಹಾಸಿಬಿಡಿ. ವಿನೆಗರಿಗೆ ಅಡುಗೆ ಸೋಡಾ ಬೆರೆಸಿದರೆ ಬುಸ್ಸೆನ್ನುವುದಷ್ಟೇ, ಒಂದರ ಗುಣ ಇನ್ನೊಂದು ಕಳೆಯುತ್ತದೆ. ಬ್ಲೀಚಿಂಗ್ ಪೌಡರ್ ಮಾತ್ರ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತದೆ, ಅದು ತಮಾಷೆಯ ವಿಷಯವಲ್ಲ.

ವಿನೆಗರಿಗೂ ಜಗ್ಗದ, ಒದ್ದೆ ಇದ್ದಾಗ ಮಾಯವಾಗಿ ಆರಿದ ಮೇಲೆ ಮತ್ತೆ ಕಾಣುವ ಮಬ್ಬು ಇದ್ದರೆ, ವರ್ಷಾನುಗಟ್ಟಲೆ ಸವಳು ನೀರು ಕೂತು ಗಾಜಿನ ಮೇಲ್ಮೈಯನ್ನೇ ತಿಂದಿದೆ ಎಂದರ್ಥ. ಅದು ಗಾಜಿನಂಗಡಿಯ ಪಾಲಿಶಿನ ಕೆಲಸ. ಇನ್ನು ಕೆಳ ಮೂಲೆಯಲ್ಲಿ ಚಿಕ್ಕ ಚಿಕ್ಕ ಅಕ್ಷರಗಳ ಒಂದು ಕಲೆ ಎಷ್ಟು ತಿಕ್ಕಿದರೂ ಹಾಗೇ ಕೂತಿದ್ದರೆ ದಯವಿಟ್ಟು ಕೈ ಬಿಡಿ. ಅದು ಟಫನ್ಡ್, ಅಂದರೆ ಗಟ್ಟಿಗೊಳಿಸಿದ ಗಾಜಿನ ಮುದ್ರೆ, ಕಂಪನಿಯವರೇ ಅಳಿಸದಂತೆ ಒತ್ತಿದ್ದು.