ಮಂಗನ ಕಾಯಿಲೆಗೂ ಕೋಡಿಂಗ್‌ಗೂ ಏನು ಸಂಬಂಧ?

"ಮಗಳು ಕಂಪ್ಯೂಟರ್ ಸೈನ್ಸ್ ಓದಿ ವೈರಸ್ ಹುಡುಕೋ ಕೆಲಸಕ್ಕೆ ಹೋಗ್ತಾಳಂತೆ. ಇದೆಂಥ ಕೆಲಸ ಮಾರಾಯ?" ಅಂತ ಸಾಗರದ ಗೆಳೆಯನೊಬ್ಬ ಕೇಳಿದ. ನಾನೂ ಅದೇ ದಾರಿಯಲ್ಲಿ ಬಂದವನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನಕ್ಕೂ ಜ್ವರ ಬಂತು. ಮೊದಲು ಹಳದಿ ಜ್ವರದ ಅನುಮಾನವಿತ್ತು. ನೋಡಿದರೆ ಉಣುಗಿನಿಂದ ಹರಡುವ ಹೊಸ ವೈರಸ್, ಅದೇ ಮಂಗನ ಕಾಯಿಲೆ. ಆಗ ಇಲಿಗಳಿಗೆ ಚುಚ್ಚಿ ನಡೆಸಿದ ಹುಡುಕಾಟದ ದೊಡ್ಡ ಪಾಲು ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ.

ಈ ವೈರಸ್ಸಿನ ಜೀನೋಮ್, ಅಂದರೆ ಅದರ ಪೂರ್ತಿ ವಂಶವಾಹಿ ಬರಹ, ಸುಮಾರು 10,700 ಅಕ್ಷರಗಳ ಸಾಲು. ಮನುಷ್ಯನದ್ದು ಸುಮಾರು 300 ಕೋಟಿ. ರೋಗಿಯ ಸ್ಯಾಂಪಲ್ ಸೀಕ್ವೆನ್ಸಿಂಗ್ ಮಾಡಿದರೆ, ಅಂದರೆ ಅದರಲ್ಲಿರುವ ಈ ಅಕ್ಷರಗಳನ್ನು ಯಂತ್ರದಲ್ಲಿ ಓದಿಸಿದರೆ, ಲಕ್ಷಗಟ್ಟಲೆ ತುಂಡುಗಳು ಬರುತ್ತವೆ, ಬಹುಪಾಲು ರೋಗಿಯವೇ. ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಬೇರೆ ಮಾಡುವ ಹಾಗೆ ಅವನ್ನು ವಿಂಗಡಿಸಬೇಕು. ಪರೀಕ್ಷೆಗೆ ಅಂತ ಸುಮ್ನೆ ಓದಿದ್ದ ಹ್ಯಾಶಿಂಗ್, ಗ್ರಾಫ್, ಡೈನಾಮಿಕ್ ಪ್ರೋಗ್ರಾಮಿಂಗ್ ಅನ್ನುವ ಕಂಪ್ಯೂಟರ್ ಸೈನ್ಸ್ ಪಾಠಗಳೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ಸಿಕ್ಕ ತುಂಡನ್ನು ಗೊತ್ತಿರುವ ಜೀನೋಮ್‌ಗಳ ಡೇಟಾಬೇಸಿನ ಜೊತೆ ಹೋಲಿಸುವ 1990ರ ಬ್ಲಾಸ್ಟ್ ಪ್ರೋಗ್ರಾಂ ಇನ್ನೂ ಬಳಕೆಯಲ್ಲಿದೆ!

ಆದರೆ ಇಲ್ಲಿ ಕೋಡಿಂಗ್‌ಗಿಂತ ಅನುಮಾನ ಪಡುವ ಬುದ್ಧಿ ಜಾಸ್ತಿ ಬೇಕು. ಸಿಕ್ಕ ವೈರಸ್ ಡೇಟಾಬೇಸಿನಲ್ಲಿ ಇಲ್ಲದಿದ್ದರೆ ಪ್ರೋಗ್ರಾಂ ಎಷ್ಟೋ ಸಲ ಅದರ ನೆಂಟನ ಹೆಸರು ಹೇಳಿಬಿಡುತ್ತದೆ. ನಮ್ಮ ಮಂಗನ ಕಾಯಿಲೆ ವೈರಸ್ಸಿಗೆ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಅಂತ ತೀರಾ ಹತ್ತಿರದ ಸಂಬಂಧಿ ಇದೆ. ತಾಲ್ಲೂಕು ದಾಟದ ಸೊರಬದ ಅಜ್ಜಿಯ ರಕ್ತದಲ್ಲಿ ಅಲ್ಖುರ್ಮಾ ಅಂತ ಬಂದರೆ ನಂಬೋದಾ? ಲ್ಯಾಬಿನ ಕಿಟ್‌ಗಳಲ್ಲೂ ಬ್ಯಾಕ್ಟೀರಿಯಾದ ಡಿಎನ್‌ಎ ಚೂರುಪಾರು ಇರುತ್ತದೆ. ಅದಕ್ಕೇ ಏನೂ ಇಲ್ಲದ ಖಾಲಿ ಸ್ಯಾಂಪಲ್ಲನ್ನೂ ಜೊತೆಗೇ ಓಡಿಸುವುದು. ಖಾಲಿಯಲ್ಲೂ ಅದೇ ಹೆಸರು ಬಂತೋ, ಪತ್ತೆ ಮಾಡಿದೆವು ಅಂತ ಕುಣಿಯೋ ಹಾಗಿಲ್ಲ.

ಎಲ್ಲದಕ್ಕೂ ಸೀಕ್ವೆನ್ಸಿಂಗ್ ಬೇಕಿಲ್ಲ ಬಿಡಿ. ಯಾವ ವೈರಸ್ ಅಂತ ಅಂದಾಜಿದ್ದರೆ ಆರ್‌ಟಿ-ಪಿಸಿಆರ್ ಸಾಕು, ಖರ್ಚೂ ಕಡಿಮೆ. ಆದರೆ ಅದರ ಪ್ರೈಮರ್ (ವೈರಸ್ಸಿನ ಗುರುತಿನ ಜಾಗಕ್ಕೆ ಹೋಗಿ ಅಂಟಿಕೊಳ್ಳುವ ಸಣ್ಣ ಡಿಎನ್‌ಎ ತುಂಡು) ಈಗಿನ ವೈರಸ್ಸಿಗೆ ಹೊಂದುತ್ತಿದೆಯಾ ಅಂತ ಹೊಸ ಜೀನೋಮ್‌ಗಳ ಜೊತೆ ಹೋಲಿಸಿ ನೋಡುತ್ತಿರಬೇಕು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಹರಡಿದ್ದು ನೆನಪಿದೆಯಲ್ವಾ? ನಮ್ಮ ಕಾಡಿನ ಉಣುಗು, ಮಂಗ, ಜನರಲ್ಲಿ ಸಿಕ್ಕ ವೈರಸ್ಸಿನ ಜೀನೋಮ್ ಪ್ರತಿ ಬೇಸಿಗೆ ಡೇಟಾಬೇಸಿಗೆ ಸೇರಬೇಕು, ಆ ಕೆಲಸ ಶಿವಮೊಗ್ಗದಲ್ಲೇ ಆಗಬೇಕು ಅನ್ನುವುದು ನನ್ನ ವಾದ. ಅದಕ್ಕೆ ಹೊಸ ಕಟ್ಟಡ, ಉದ್ಘಾಟನೆಯ ಕಲ್ಲು ಬೇಡ. ಒಳ್ಳೆಯ ಸರ್ವರ್, ಕೆಲಸ ಬಲ್ಲ ಇಬ್ಬರು ಮೂವರು, ಅವರಿಗೆ ಕಾಯಂ ಹುದ್ದೆ ಇದ್ದರೆ ಸಾಕು. ಪ್ರಾಜೆಕ್ಟ್ ಇರುವಷ್ಟು ದಿನ ಮಾತ್ರ ಸಂಬಳ ಅಂದರೆ, ಕೆಲಸ ಕೈಗೆ ಹತ್ತುವ ಹೊತ್ತಿಗೆ ಹುಡುಗರು ಬೆಂಗಳೂರಿನ ಬಸ್ಸು ಹತ್ತಿರುತ್ತಾರೆ.