ಮಾಡೆಲ್‌ಗೆ ಮೂಡಿಗೆರೆ ಕಾಣುವುದಿಲ್ಲ

‘6000 ವರ್ಷದ ಹಿಂದೆ ಮೂಡಿಗೆರೆಯಲ್ಲಿ ಇಷ್ಟು ಮಿಲಿಮೀಟರ್ ಮಳೆ ಬೀಳ್ತಿತ್ತು, ಕಂಪ್ಯೂಟರ್ ಮಾಡೆಲ್ ಹೇಳಿದೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾಡೆಲ್ ಸುಳ್ಳು ಅಂತಲ್ಲ, ಅದಕ್ಕೆ ಮೂಡಿಗೆರೆಯೇ ಕಾಣುವುದಿಲ್ಲ.

ಪ್ರಾಚೀನ ಹವಾಮಾನಕ್ಕೆ ಓಡಿಸುವ ಮಾಡೆಲ್‌ಗಳು ಭೂಮಿಯನ್ನು ಸುಮಾರು 100ರಿಂದ 200 ಕಿ.ಮೀ. ಅಗಲದ ಚೌಕಗಳಾಗಿ ಕತ್ತರಿಸುತ್ತವೆ. ವರ್ಷಕ್ಕೆ 100 ಇಂಚು ದಾಟುವ ಕೊಟ್ಟಿಗೆಹಾರ, 25 ಇಂಚಿಗೆ ಆಕಾಶ ನೋಡುವ ಕಡೂರು ಎರಡೂ ಒಂದೇ ಚೌಕದೊಳಗೆ ಬಿದ್ದುಬಿಡಬಹುದು. 1,930 ಮೀಟರಿನ ಮುಳ್ಳಯ್ಯನಗಿರಿ ಬಯಲಿನ ಜೊತೆ ಸರಾಸರಿಯಾಗಿ ಕೆಲವೇ ನೂರು ಮೀಟರಿನ ದಿಬ್ಬ. ಮೋಡ ತಡೆಯುವ ಗೋಡೆಯೇ ಇಲ್ಲದ ಮೇಲೆ ಘಟ್ಟದ ಮಳೆ ಎಲ್ಲಿಂದ ಬರಬೇಕು?

ಅದಕ್ಕೇ ಮಾಡೆಲನ್ನು ಎರಡು ಸಲ ಓಡಿಸುವುದು: ಒಮ್ಮೆ ಕಾರ್ಖಾನೆಯ ಹೊಗೆ ಹೆಚ್ಚುವ ಮುಂಚಿನ 1850ರ ಸ್ಥಿತಿಗೆ, ಒಮ್ಮೆ 6000 ವರ್ಷದ ಹಿಂದಿನದಕ್ಕೆ. ಎರಡನೆಯದರಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 264 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಭೂಮಿಯ ಓರೆ 24.1 ಡಿಗ್ರಿ, ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯಲ್ಲಲ್ಲ, ಸೆಪ್ಟೆಂಬರ್ ಹೊತ್ತಿಗೆ. ಉತ್ತರಾರ್ಧಗೋಳದ ಬೇಸಿಗೆ ಬಿಸಿಲು ಸುಮಾರು ಶೇ. 5 ಹೆಚ್ಚು, ನೆಲ ಕಾಯುತ್ತದೆ, ಮುಂಗಾರು ಬಲಿಯುತ್ತದೆ. ಆಳ ಸಮುದ್ರ ನೆಲೆಗೊಳ್ಳುವ ತನಕ ನೂರಾರು ವರ್ಷ ಓಡಿಸಿ, ಆ ಭಾಗ ಬಿಸಾಕಿ, ಕೊನೆಯ 100 ವರ್ಷವನ್ನಷ್ಟೇ ಇಟ್ಟುಕೊಳ್ಳಬೇಕು. ಅವಸರ ಮಾಡಿದರೆ ಸಮುದ್ರದ ಹೊಯ್ದಾಟವನ್ನೇ ಹವಾಮಾನ ಅಂತ ಓದಿಬಿಡುತ್ತೀರಿ.

ಆಮೇಲೆ 6000 ವರ್ಷದ ಹಿಂದಿನ ಮಳೆಯನ್ನು 1850ರ ಮಳೆಯಿಂದ ಭಾಗಿಸಿ ಅನುಪಾತ ತೆಗೆಯಬೇಕು. ಘಟ್ಟದ ತಪ್ಪು ಎರಡರಲ್ಲೂ ಇರುವುದರಿಂದ ಬಹುಪಾಲು ಹೊಡೆದುಹೋಗುತ್ತದೆ. ಅನುಪಾತ 1.1 ಬಂದರೆ, ಎಸ್ಟೇಟಿನ ಮಳೆ ಪುಸ್ತಕದ 100 ಇಂಚು 110 ಆಗುತ್ತದೆ. (ಪುಸ್ತಕ ಇಂಚು-ಸೆಂಟಿನಲ್ಲಿದ್ದರೆ 100 ಸೆಂಟಿಗೆ, ಅಂದರೆ ಒಂದು ಇಂಚಿಗೆ, 25.4 ಮಿ.ಮೀ. ಎಂಬುದನ್ನು ಮರೆಯಬೇಡಿ.) ಆದರೆ ಗಾಳಿಯ ದಿಕ್ಕು ಸ್ವಲ್ಪ ವಾಲಿದರೂ ಘಟ್ಟದ ಎದೆಗೂ ಬೆನ್ನಿಗೂ ಒಂದೇ ಅನುಪಾತ ನಿಲ್ಲದು. ಸಕಲೇಶಪುರಕ್ಕೆ ಹೆಚ್ಚಿದ್ದು ಅರಸೀಕೆರೆಗೂ ಹೆಚ್ಚಬೇಕೆಂದೇನಿಲ್ಲ.

ಬಹಳ ಜನ ಎಡವುವುದು ಕ್ಯಾಲೆಂಡರಿನಲ್ಲಿ. ಸೂರ್ಯನ ಹತ್ತಿರ ಬಂದಾಗ ಭೂಮಿ ಬೇಗ ಓಡುತ್ತದೆ. ಮಾರ್ಚ್ 21ರಿಂದ ಇಂದಿನಂತೆ ದಿನ ಎಣಿಸುತ್ತಾ ಹೋದರೆ ಆಗಿನ ‘ಸೆಪ್ಟೆಂಬರ್’ ಋತುವಿಗಿಂತ ಕೆಲವು ದಿನ ಹಿಂದೆ ಬೀಳುತ್ತದೆ. ಮುಂಗಾರು ಮುಗಿದ ದಿನಗಳು ಅದರಲ್ಲಿ ಸೇರಿ ಮಳೆ ಕಮ್ಮಿ ಕಾಣಿಸುತ್ತದೆ. ತಿಂಗಳನ್ನು ದಿನದಲ್ಲಲ್ಲ, ಭೂಮಿ ಸೂರ್ಯನ ಸುತ್ತ ಸಾಗಿದ ಡಿಗ್ರಿಯಲ್ಲೇ ಕತ್ತರಿಸಬೇಕು. ನಮ್ಮ ಮಳೆ ನಕ್ಷತ್ರಗಳ ಲೆಕ್ಕವೂ ಡಿಗ್ರಿಯದ್ದೇ, ಒಂದೊಂದಕ್ಕೆ 13 ಡಿಗ್ರಿ 20 ನಿಮಿಷ. ಆದರೆ ಅದು ಋತುವಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೊಂದು ದಿನ ಜಾರುತ್ತದೆ. 6000 ವರ್ಷದ ಹಿಂದೆ ಸೂರ್ಯ ಆರಿದ್ರೆಗೆ ಬರುತ್ತಿದ್ದದ್ದು ಈಗಿನ ಮಾರ್ಚ್ ಕೊನೆಗೆ, ಕಾಫಿಗೆ ಹೂಮಳೆ ಕಾಯುವ ಹೊತ್ತಿಗೆ!

ಲೆಕ್ಕವನ್ನು ಒರೆಗೆ ಹಚ್ಚಲು ನೆಲದ ಸಾಕ್ಷಿ ಬೇಕು. ಅಯ್ಯನಕೆರೆಯಂಥವು ಮನುಷ್ಯ ಕಟ್ಟಿದ ಕೆರೆಗಳು, ಅವುಗಳ ಹೂಳು ಅಷ್ಟು ಹಿಂದಕ್ಕೆ ಹೋಗದು. ಹತ್ತಿರದ ಒಳ್ಳೆಯ ದಾಖಲೆ ನೀಲಗಿರಿಯ ಜೌಗಿನ ಪೀಟ್ ಮಣ್ಣು, ಅಂದರೆ ಅರೆಕೊಳೆತ ಗಿಡಗಳು ಪದರ ಪದರವಾಗಿ ಕೂತ ಮಣ್ಣು. ಅದರ ಇಂಗಾಲದ ಐಸೊಟೋಪುಗಳಿಂದ (ಒಂದೇ ಇಂಗಾಲದ ಬೇರೆ ಬೇರೆ ತೂಕದ ಪರಮಾಣುಗಳಿಂದ) ಮರ ಇತ್ತೋ, ಜೋಳದ ಜಾತಿಯ ಹುಲ್ಲಿತ್ತೋ ತಿಳಿಯುತ್ತದೆ. ಹಿಮಯುಗದ ತುತ್ತತುದಿಯಾದ 21,000 ವರ್ಷದ ಹಿಂದಿನ ಪದರದಲ್ಲಿ ಹುಲ್ಲು ಕಂಡ ಕೂಡಲೇ ಬರಗಾಲ ಅನ್ನಬೇಡಿ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಬರೀ 190 ಪಿಪಿಎಂ ಇದ್ದಾಗ, ಮಳೆ ಕಮ್ಮಿಯಾಗದಿದ್ದರೂ ಮರಕ್ಕಿಂತ ಆ ಹುಲ್ಲಿಗೇ ಅನುಕೂಲ. ಸಸ್ಯದ ಮಾಡೆಲಿನಲ್ಲಿ ಮಳೆಯನ್ನು ಇದ್ದಂತೆಯೇ ಬಿಟ್ಟು ಅನಿಲವನ್ನಷ್ಟೇ ಇಳಿಸಿ ನೋಡಿದರೆ, ಎಷ್ಟು ಹುಲ್ಲು ಅನಿಲ ಇಳಿದದ್ದರಿಂದ ಬಂತು, ಎಷ್ಟು ಬರದಿಂದ ಬಂತು ಅಂತ ಬಿಡಿಸಬಹುದು.