ಹಲ್ಲಿನ ಇಂಪ್ಲಾಂಟ್: ‘ಲೋಹ’ ಅಂತ ಹೆದರಿಸಿದರೆ ಹೆದರಬೇಡಿ

‘ಮೆಟಲ್ ಫ್ರೀ’ ಅಂತ ಹೇಳಿ ಹಲ್ಲಿನ ಇಂಪ್ಲಾಂಟ್ (ಹೋದ ಹಲ್ಲಿನ ಬದಲು ದವಡೆ ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಮಾರುವ ರೀತಿ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ನಮ್ಮ ಚಿಕ್ಕಮ್ಮನಿಗೆ ಕೆಳಗಿನ ದವಡೆ ಹಲ್ಲೊಂದು ಹೋಗಿದೆ. ತೋರಿಸೋಕೆ ಹೋದ ಕಡೆ, “ಮೈಯೊಳಗೆ ಲೋಹ ಯಾಕಮ್ಮಾ, ಸೆರಾಮಿಕ್ ಹಾಕಿಸ್ಕೊಳ್ಳಿ” ಅಂದರಂತೆ. ರೇಟು ಜಾಸ್ತಿ, ಅದು ಬೇರೆ ಮಾತು. ಶುಗರ್ ಇದೆಯಾ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತೀರಾ ಅಂತ ಮಾತ್ರ ಯಾರೂ ಕೇಳಲಿಲ್ಲ. ಅವರಿಗೆ ಎರಡೂ ಇವೆ.

ಅವರು ಹೆದರಿಸುವ ‘ಲೋಹ’ ಅಂದರೆ ಟೈಟಾನಿಯಂ. ಅದು ನಿನ್ನೆ ಮೊನ್ನೆ ಬಂದದ್ದಲ್ಲ. 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನುವ ವೈದ್ಯರು ರಕ್ತ ಸಂಚಾರ ನೋಡಲು ಮೊಲದ ಮೂಳೆಯಲ್ಲಿ ಟೈಟಾನಿಯಂ ಸಾಧನವೊಂದನ್ನು ಕೂರಿಸಿದ್ದರು. ಆಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಅನ್ನುವವರ ದವಡೆಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. 2006ರಲ್ಲಿ ತೀರಿಕೊಳ್ಳುವವರೆಗೂ ಲಾರ್ಸನ್ ಅದರಲ್ಲೇ ಊಟ ಮಾಡಿದರು. ಸೆರಾಮಿಕ್‌ಗೆ ಇಷ್ಟು ದೀರ್ಘ ಕಾಲದ ಅನುಭವ ಇನ್ನೂ ಇಲ್ಲ. ಮೊದಲು ಬಂದ, ಅಲ್ಯೂಮಿನಾ ಅನ್ನುವ ಸೆರಾಮಿಕ್‌ನ ಇಂಪ್ಲಾಂಟ್‌ಗಳು ಮುರಿಯುತ್ತಿದ್ದವು. ಈಗ ಬಳಸುವ ಸೆರಾಮಿಕ್ ಜಿರ್ಕೋನಿಯಾ, ಅದಕ್ಕಿಂತ ಎಷ್ಟೋ ಗಟ್ಟಿ, ಒಪ್ಪುತ್ತೇನೆ. ಆದರೆ ಜಿರ್ಕೋನಿಯಂ ಕೂಡ ಲೋಹವೇ, ಜಿರ್ಕೋನಿಯಾ ಅದರ ಆಕ್ಸೈಡ್. ಟೈಟಾನಿಯಂ ಮೇಲೂ ತೆಳ್ಳಗೆ ಆಕ್ಸೈಡ್ ಪದರ ಇರುತ್ತದೆ, ಮೂಳೆಗೆ ತಾಗುವುದು ಅದೇ.

ಹಾಗಂತ ಸೆರಾಮಿಕ್ ಬೇಡವೇ ಬೇಡ ಅನ್ನುತ್ತಿಲ್ಲ. ಮುಂದಿನ ಹಲ್ಲಾಗಿದ್ದು ವಸಡು ತೆಳುವಾಗಿದ್ದರೆ ಟೈಟಾನಿಯಂನ ಬೂದು ಛಾಯೆ ಹೊರಗೆ ಕಾಣಬಹುದು. ಅಲ್ಲಿ ಬಿಳಿ ಜಿರ್ಕೋನಿಯಾ ಚೆನ್ನಾಗಿ ಹೊಂದುತ್ತದೆ. ಟೈಟಾನಿಯಂ ಅಲರ್ಜಿ ತೀರಾ ಅಪರೂಪ, ಆದರೆ ಅಂಥವರಿಗೂ ಇದೇ ದಾರಿ. ಚಿಕ್ಕಮ್ಮನದು ದವಡೆ ಹಲ್ಲು. ನಗುವಾಗಲೂ ಕಾಣುವುದಿಲ್ಲ, ಅಗಿಯುವ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ: ಒಳಗೆ ಟೈಟಾನಿಯಂ ಇದ್ದರೂ ಮೇಲಿನ ಕ್ಯಾಪನ್ನು ಜಿರ್ಕೋನಿಯಾದಲ್ಲೇ ಮಾಡಿಸಬಹುದು. ಕಾಣುವ ಹಲ್ಲು ಬಿಳಿಯೇ.

ಸೆರಾಮಿಕ್ ಇಂಪ್ಲಾಂಟ್‌ಗಳಲ್ಲಿ ಬೇರು, ಕ್ಯಾಪ್ ಕೂರುವ ತಲೆ ಎರಡೂ ಸೇರಿ ಒಂದೇ ತುಂಡಾಗಿರುವವು ಹೆಚ್ಚು. ಹಾಕಿದ ದಿನದಿಂದಲೇ ಅದರ ತಲೆ ವಸಡಿನಿಂದ ಹೊರಗಿರುತ್ತದೆ. ಮೂಳೆ ಕೂಡಿಕೊಳ್ಳುವ ತಿಂಗಳುಗಟ್ಟಲೆ ನಾಲಿಗೆ, ಊಟ ಎಲ್ಲದರ ಒತ್ತಡ ಅದಕ್ಕೆ ತಾಗುತ್ತದೆ. ಕೂರಿಸಿದ ಕೋನ ತಪ್ಪಿದರೆ ಆಮೇಲೆ ಸರಿಮಾಡುವುದು ಕಷ್ಟ. ಕ್ಯಾಪನ್ನು ಸಿಮೆಂಟ್ ಹಾಕಿ ಅಂಟಿಸಬೇಕು. ಆ ಸಿಮೆಂಟ್ ಚೂರು ವಸಡಿನಡಿ ಉಳಿದರೆ ಊತ, ಕೀವು, ಕೊನೆಗೆ ಮೂಳೆಯೇ ಸವೆಯಬಹುದು. ಎರಡು ತುಂಡಿನ ಟೈಟಾನಿಯಂನಲ್ಲಿ ಕ್ಯಾಪನ್ನು ಸ್ಕ್ರೂನಿಂದ ಕೂರಿಸಿದ್ದರೆ ಬಿಚ್ಚಿ, ತೊಳೆದು ಮತ್ತೆ ಹಾಕಬಹುದು.

ಇಷ್ಟೆಲ್ಲ ಆದಮೇಲೂ ಬಾಯಿಯ ಸ್ಥಿತಿ ಮುಖ್ಯ. ಶುಗರ್ ಹತೋಟಿಯಲ್ಲಿಲ್ಲ, ಹೊಗೆಸೊಪ್ಪು ಬಿಟ್ಟಿಲ್ಲ, ವಸಡಲ್ಲಿ ರಕ್ತ ಬರುತ್ತಿದೆ ಅಂದರೆ ಎರಡರಲ್ಲಿ ಯಾವುದೂ ನೆಚ್ಚಿಕೆಯದ್ದಲ್ಲ. ಚಿಕ್ಕಮ್ಮನಿಗೆ ನಾನು ಹೇಳಿರುವುದು ಇಷ್ಟೇ: ಮೊದಲು ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಟೆಸ್ಟ್ (HbA1c) ಮಾಡಿಸಿ, ವಸಡು ಕ್ಲೀನ್ ಮಾಡಿಸಿ, ಆಮೇಲೆ ಇನ್ನೊಬ್ಬ ಡಾಕ್ಟರನ್ನು ನೋಡೋಣ.

ಹಾಕಿಸಿಕೊಳ್ಳುವವರು ಇನ್ನೊಂದು ಕೆಲಸ ಮಾಡಿ. ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಳಿ ಪಡೆದು ಫೈಲಿನಲ್ಲಿ ಅಂಟಿಸಿಡಿ. ಹತ್ತು ವರ್ಷ ಬಿಟ್ಟು ಬೇರೆ ಊರಲ್ಲಿ ಸ್ಕ್ರೂ ಸಡಿಲವಾದರೆ, ಆ ಡಾಕ್ಟರಿಗೆ ಯಾವ ಸ್ಕ್ರೂಡ್ರೈವರ್ ಬೇಕು ಅಂತ ಗೊತ್ತಾಗುವುದು ಅದರಿಂದಲೇ.